ಸೊಂಟದ ಕೀಲಿಗೊಂದು ತುಟಿ... ಹೊಲಿದರೆ ಎಷ್ಟು ವರ್ಷ ಬಾಳುತ್ತೆ?

2004ನೇ ಇಸವಿ, ಮೇ 29. ಪ್ಯಾರಿಸ್ಸಿನ ರೋಲಾ ಗ್ಯಾರೋ ಮೈದಾನದಲ್ಲಿ ಫ್ರೆಂಚ್ ಓಪನ್ ಮೂರನೇ ಸುತ್ತು. ಒಂದು ಕಡೆ ಆ ವರ್ಷವಷ್ಟೇ ಜಗತ್ತಿನ ನಂಬರ್ ಒನ್ ಆಗಿದ್ದ ರೋಜರ್ ಫೆಡರರ್. ಇನ್ನೊಂದು ಕಡೆ ಬ್ರೆಜಿಲ್‌ನ ಗುಸ್ತಾವೊ ಕುರ್ಟೆನ್, ಎಲ್ಲರ ಪ್ರೀತಿಯ ‘ಗುಗಾ’. 6-4, 6-4, 6-4. ಮೂರೇ ಸೆಟ್‌ಗೆ ಫೆಡರರ್ ಮನೆಗೆ! ಅದಾದ ಮೇಲೆ ಫೆಡರರ್ ಸತತ 36 ಗ್ರ್ಯಾನ್‌ಸ್ಲಾಮ್‌ಗಳಲ್ಲಿ ಕ್ವಾರ್ಟರ್ ಫೈನಲ್‌ಗೆ ಮುಂಚೆ ಸೋಲಲೇ ಇಲ್ಲ. ಅಂಥ ಗೆಲುವು ಅದು.

ಇದರಲ್ಲೇನು ವಿಶೇಷ ಅಂತೀರಾ? 1997, 2000 ಮತ್ತು 2001ರಲ್ಲಿ ಅದೇ ಕೆಂಪು ಮಣ್ಣಿನ ಮೇಲೆ ಚಾಂಪಿಯನ್ ಆಗಿದ್ದ ಗುಗಾ, ಅವತ್ತು ಆಡಿದ್ದು ಒಮ್ಮೆ ಆಪರೇಷನ್ ಆಗಿದ್ದ ಸೊಂಟದ ಕೀಲಿನ ಮೇಲೆ. 2002ರ ಫೆಬ್ರವರಿಯಲ್ಲಿ ಅಮೆರಿಕದಲ್ಲಿ ಆರ್ಥ್ರೋಸ್ಕೋಪಿ ಮಾಡಿಸಿಕೊಂಡಿದ್ದ. ಫೆಡರರನ್ನು ಸೋಲಿಸಿದ ನಾಲ್ಕೇ ತಿಂಗಳಿಗೆ ಮತ್ತೆ ಆಪರೇಷನ್ ಟೇಬಲ್ ಮೇಲೆ ಮಲಗಿದ. 2006ರಲ್ಲಿ ಇನ್ನೊಂದು ಸಲ. 2008ರಲ್ಲಿ, 31ನೇ ವಯಸ್ಸಿಗೆ, ಆಟಕ್ಕೆ ವಿದಾಯ.

ರಿಪೇರಿ ಆದಮೇಲೆ ನಂಬರ್ ಒನ್‌ನನ್ನೇ ಸೋಲಿಸಿದ ಎಂದರೆ ರಿಪೇರಿ ಗೆದ್ದಿತು ಅನ್ನೋಣವೇ? ನಾಲ್ಕು ವರ್ಷದಲ್ಲಿ ಆಟವೇ ಮುಗಿಯಿತು ಎಂದರೆ ರಿಪೇರಿ ಸೋತಿತು ಅನ್ನೋಣವೇ? ಒಂದೇ ಆಪರೇಷನ್, ಎರಡು ವರ್ಷಕ್ಕೆ ನೋಡಿದರೆ ಒಂದು ಉತ್ತರ, ಆರು ವರ್ಷಕ್ಕೆ ನೋಡಿದರೆ ಇನ್ನೊಂದು. ಸೊಂಟದ ಕೀಲಿನ ಅಂಚಿನ ಒಂದು ಸಣ್ಣ ತುಟಿಯನ್ನು ವೈದ್ಯರು ಮೊದಲು ಕಡೆಗಣಿಸಿ, ಆಮೇಲೆ ಕತ್ತರಿಸಿ ಬಿಸಾಕಿ, ಕೊನೆಗೆ ಹೊಲಿಯಲು ಕಲಿತ ಕಥೆ ಪೂರಾ ಹೀಗೇ ಇದೆ. ಸುಮಾರು ನೂರು ವರ್ಷದ ಕಥೆ. ಸ್ವಲ್ಪ ಉದ್ದ ಇದೆ, ಕಾಫಿ ತಗೊಂಡು ಕೂತ್ಕೊಳ್ಳಿ :)

ಮೊದಲು ಆ ತುಟಿ ಯಾವುದು ಅಂತ...

ಕನ್ನಡದಲ್ಲಿ ಒಂದು ತೊಂದರೆ ಇದೆ. ನಾವು ‘ಸೊಂಟ ನೋವು’ ಅಂದರೆ ಸಾಮಾನ್ಯವಾಗಿ ಬೆನ್ನಿನ ಕೆಳಭಾಗದ ನೋವು ಅಂತಲೇ ಅರ್ಥ. ಇಲ್ಲಿ ಹೇಳುತ್ತಿರುವುದು ಅದಲ್ಲ. ತೊಡೆಮೂಳೆ ಮೇಲೆ ಹೋಗಿ ಸೊಂಟದ ಮೂಳೆಗೆ ಕೂಡುವ ಜಾಗ, ಡಾಕ್ಟರು ‘ಹಿಪ್ ಜಾಯಿಂಟ್’ ಅನ್ನುತ್ತಾರಲ್ಲ, ಅದು. ಅಲ್ಲಿನ ನೋವು ಹೆಚ್ಚಾಗಿ ತೊಡೆಸಂದಿಯಲ್ಲಿ ಕಾಣಿಸಿಕೊಳ್ಳುತ್ತದೆ.

ತೊಡೆಮೂಳೆಯ ತುದಿಯಲ್ಲಿ ಒಂದು ಗುಂಡು. ಅದು ಕೂರುವುದಕ್ಕೆ ಸೊಂಟದ ಮೂಳೆಯಲ್ಲಿ ಒಂದು ಬಟ್ಟಲು. ಬಟ್ಟಲಿಗೆ ‘ಆಸಿಟ್ಯಾಬ್ಯುಲಮ್’ ಅಂತ ಹೆಸರು. ಲ್ಯಾಟಿನ್‌ನಲ್ಲಿ ಹಾಗಂದರೆ ಊಟದ ಮೇಜಿನ ಮೇಲೆ ವಿನೆಗರ್ ಇಡುವ ಪುಟ್ಟ ಬಟ್ಟಲು. ಗುಂಡಿಗೂ ಬಟ್ಟಲಿಗೂ ನಯವಾದ ಮೃದ್ವಸ್ಥಿಯ ಲೇಪ, ಅಂದರೆ ಕಾರ್ಟಿಲೇಜ್. ಬಟ್ಟಲಿನ ಅಂಚಿಗೆ ಸುತ್ತಲೂ ಒಂದು ರಬ್ಬರಿನಂಥ ಉಂಗುರ ಅಂಟಿಕೊಂಡಿರುತ್ತದೆ. ಅದೇ ‘ಲೇಬ್ರಮ್’. ಲ್ಯಾಟಿನ್‌ನಲ್ಲಿ ಲೇಬ್ರಮ್ ಅಂದರೆ ತುಟಿ.

ಪ್ರೆಶರ್ ಕುಕ್ಕರಿನ ಮುಚ್ಚಳಕ್ಕೆ ಗ್ಯಾಸ್ಕೆಟ್ ಇರುತ್ತಲ್ಲ, ಹೆಚ್ಚು ಕಡಿಮೆ ಅದೇ ಕೆಲಸ ಇದಕ್ಕೆ. ಕೀಲಿನೊಳಗಿನ ಜಾರುವ ದ್ರವ ಹೊರಗೆ ಸೋರದಂತೆ ಹಿಡಿದಿಡುವುದು. ಗ್ಯಾಸ್ಕೆಟ್ ಹರಿದರೆ ಕುಕ್ಕರು ಒಡೆಯುವುದಿಲ್ಲ, ಆದರೆ ಸೀಟಿ ಹೊಡೆಯುವುದಿಲ್ಲ, ಅಕ್ಕಿ ಬೇಯುವುದಿಲ್ಲ. ಇಷ್ಟು ಸರಳವಾದ ವಿಷಯ ವೈದ್ಯಲೋಕಕ್ಕೆ ಲೆಕ್ಕ ಹಾಕಿ ಗೊತ್ತಾಗಿದ್ದು ಯಾವಾಗ ಗೊತ್ತಾ? 2000ನೇ ಇಸವಿಯ ಹೊತ್ತಿಗೆ! ಸ್ಟೀಫನ್ ಫರ್ಗ್ಯುಸನ್ ಎಂಬ ಎಂಜಿನಿಯರ್ ಮತ್ತವರ ತಂಡ ಫೈನೈಟ್ ಎಲಿಮೆಂಟ್ ಮಾಡೆಲ್ ಮಾಡಿ (ಮೆಕ್ಯಾನಿಕಲ್ ಓದಿದವರಿಗೆ ಆರನೇ ಸೆಮಿಸ್ಟರ್ ನೆನಪಾಗಿರಬೇಕು!), ಲೇಬ್ರಮ್ ಇಲ್ಲದಿದ್ದರೆ ಭಾರ ಬಿದ್ದಾಗ ಮೃದ್ವಸ್ಥಿ 40% ವರೆಗೆ ಬೇಗ ಅಮುಕಿಹೋಗುತ್ತದೆ ಅಂತ ತೋರಿಸಿದರು. 2003ರಲ್ಲಿ ನಿಜವಾದ ಕೀಲುಗಳನ್ನೇ ಪ್ರಯೋಗಾಲಯದಲ್ಲಿಟ್ಟು ಈ ಸೀಲ್ ಹೇಗೆ ಕೆಲಸ ಮಾಡುತ್ತದೆ ಅಂತ ಅಳೆದರು.

ಕತ್ತರಿಸಿ ಬಿಸಾಕುವ ಕಾಲ

ಅದಕ್ಕೂ ಮುಂಚೆ ಏನು ಮಾಡುತ್ತಿದ್ದರು? ಕತ್ತರಿಸುತ್ತಿದ್ದರು.

ಇದನ್ನು ಅರ್ಥ ಮಾಡಿಕೊಳ್ಳಲು ಮಂಡಿಯ ಕಥೆ ಒಂಚೂರು ಕೇಳಬೇಕು. ಮಂಡಿಯೊಳಗೆ ‘ಮೆನಿಸ್ಕಸ್’ ಅಂತ ಅರ್ಧಚಂದ್ರದಂಥ ಎರಡು ಮೆತ್ತೆಗಳಿವೆ. 19ನೇ ಶತಮಾನದ ಕೊನೆಯಲ್ಲಿ ಬ್ರಿಟನ್ನಿನ ಸರ್ಜನ್ ಜಾನ್ ಬ್ಲಾಂಡ್-ಸಟನ್, ಅವು ಕಾಲಿನ ಯಾವುದೋ ಹಳೆಯ ಸ್ನಾಯುವಿನ ಪಳೆಯುಳಿಕೆ, ಉಪಯೋಗ ಇಲ್ಲದವು ಎಂದು ಬರೆದಿದ್ದರು. ಉಪಯೋಗ ಇಲ್ಲದ ಮೇಲೆ ಹರಿದರೆ ತೆಗೆಯುವುದಕ್ಕೇನು? ದಶಕಗಳ ಕಾಲ ಪೂರ್ತಿಯಾಗಿಯೇ ತೆಗೆದರು. 1948ರಲ್ಲಿ ಟಿ. ಜೆ. ಫೇರ್‌ಬ್ಯಾಂಕ್ ಎಂಬ ಸರ್ಜನ್ ಹಾಗೆ ತೆಗೆಸಿಕೊಂಡವರ ಎಕ್ಸ್-ರೇಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಕೀಲಿನ ಸಂದು ಕಿರಿದಾಗಿದೆ, ಮೂಳೆಯ ಅಂಚು ಚಪ್ಪಟೆಯಾಗಿದೆ! ಆ ಮೆತ್ತೆ ಭಾರ ಹೊರುತ್ತಿತ್ತು ಅನ್ನುವುದರ ಸುಳಿವು ಅದು. ಆದರೂ ಕತ್ತರಿ ನಿಲ್ಲಲು ಇನ್ನೂ ಎಷ್ಟೋ ವರ್ಷ ಬೇಕಾಯಿತು.

ಸೊಂಟದ ಲೇಬ್ರಮ್ಮಿನದೂ ಅದೇ ಹಣೆಬರಹ. 1957ರಲ್ಲಿ ಬ್ರಿಟಿಷ್ ಜರ್ನಲ್ಲೊಂದರಲ್ಲಿ ಪ್ಯಾಟರ್ಸನ್ ಎಂಬ ವೈದ್ಯರು, ತಪ್ಪಿಹೋದ ಸೊಂಟದ ಕೀಲನ್ನು ಮತ್ತೆ ಕೂರಿಸಲು ಹೋದಾಗ ಹರಿದ ಲೇಬ್ರಮ್ ನಡುವೆ ಸಿಕ್ಕಿಕೊಂಡು ಅಡ್ಡ ಬಂದದ್ದನ್ನು ವರದಿ ಮಾಡಿದರು. ಅಲ್ಲಿ ಅದು ಬರೀ ‘ಅಡಚಣೆ’. 1977ರಲ್ಲಿ ಅಮೆರಿಕದ ಆಲ್ಟನ್‌ಬರ್ಗ್, ಏಟು ಬೀಳದವರಲ್ಲೂ ಲೇಬ್ರಮ್ ಹರಿದು ನೋವು ಬರಬಹುದು, ಅದರಿಂದ ಕೀಲು ಸವೆಯಲೂಬಹುದು ಎಂದು ಬರೆದರು. ಮದ್ದು ಮಾತ್ರ ಅದೇ, ಹರಿದದ್ದನ್ನು ತೆಗೆಯುವುದು. 1995ರಲ್ಲಿ ಜಪಾನಿನ ಸಂಶೋಧಕರು ಲೇಬ್ರಮ್ಮಿನಲ್ಲಿ ನರಗಳ ತುದಿಗಳಿವೆ ಎಂದು ತೋರಿಸಿದ ಮೇಲೆ, ಹರಿದರೆ ಯಾಕೆ ಅಷ್ಟು ನೋಯುತ್ತದೆ ಎಂಬುದಕ್ಕೆ ಕಾರಣ ಸಿಕ್ಕಿತು.

ಒಳಗೆ ಇಣುಕುವ ಸಾಹಸ

ಹರಿದದ್ದನ್ನು ನೋಡಬೇಕಾದರೆ ಕೀಲನ್ನು ತೆರೆಯಬೇಕು. ತೆರೆಯದೆ ನೋಡಲು ಸಾಧ್ಯವೇ? ಈ ಪ್ರಶ್ನೆಗೆ ಮೊದಲು ಕೈಹಾಕಿದವರಲ್ಲಿ ದೊಡ್ಡ ಹೆಸರು ಟೋಕಿಯೋದ ಪ್ರೊಫೆಸರ್ ಕೆಂಜಿ ಟಕಾಗಿ. 1918ರಲ್ಲಿ, ಮೂತ್ರಕೋಶ ನೋಡುವುದಕ್ಕೆ ಬಳಸುವ ದುರ್ಬೀನನ್ನು ಒಂದು ಶವದ ಮಂಡಿಯೊಳಗೆ ತೂರಿಸಿ ನೋಡಿದರು. ಅವರಿಗೆ ಯಾಕೆ ಈ ಉಸಾಬರಿ ಅಂದರೆ, ಆಗ ಕ್ಷಯರೋಗ ಮಂಡಿಗೆ ತಗುಲಿ ಕಾಲು ಮಡಚಲಾಗದಂತೆ ಸೆಟೆದುಕೊಳ್ಳುತ್ತಿತ್ತು. ನೆಲದ ಮೇಲೆ ಮಂಡಿಯೂರಿ ಕೂರುವ ಜಪಾನಿನಲ್ಲಿ ಕಾಲು ಮಡಚಲಾಗದವನು ನಾಲ್ಕು ಜನರ ನಡುವೆ ಕೂರುವ ಹಾಗೇ ಇಲ್ಲ. ಚಕ್ಕಳಮಕ್ಕಳ ಹಾಕಿ ಎಲೆ ಮುಂದೆ ಕೂರುವ ನಮಗೂ ಅರ್ಥವಾಗುವ ಕಷ್ಟವೇ ಬಿಡಿ. ರೋಗವನ್ನು ಬೇಗ ಪತ್ತೆ ಮಾಡಬೇಕು ಎಂಬ ಹಟ ಅವರನ್ನು ಅಲ್ಲಿಗೆ ತಂದಿತ್ತು.

1931ರಲ್ಲಿ ನ್ಯೂಯಾರ್ಕಿನ ಯುವ ವೈದ್ಯ ಮೈಕೆಲ್ ಬರ್ಮನ್ ಶವಗಳ ಬೇರೆಬೇರೆ ಕೀಲುಗಳೊಳಗೆ ದುರ್ಬೀನು ತೂರಿಸಿ ಒಂದು ದೊಡ್ಡ ಲೇಖನ ಬರೆದರು. ಅದರಲ್ಲಿ 20 ಸೊಂಟದ ಕೀಲುಗಳೂ ಇದ್ದವು. ಅವರ ತೀರ್ಮಾನ ಏನೆಂದರೆ, ಗುಂಡು ಮತ್ತು ಬಟ್ಟಲಿನ ನಡುವೆ ಸೂಜಿ ತೂರಿಸುವುದು ಸಾಧ್ಯವೇ ಇಲ್ಲ. ಹೊರಗಿನ ಕತ್ತಿನ ಭಾಗವನ್ನಷ್ಟೇ ನೋಡಬಹುದು. ಅವರು ಹೇಳಿದ್ದರಲ್ಲಿ ಅರ್ಥವಿತ್ತು. ದೇಹದ ಬೇರೆಲ್ಲ ಕೀಲುಗಳಿಗಿಂತ ಇದು ಆಳದಲ್ಲಿದೆ, ದಪ್ಪ ಸ್ನಾಯುಗಳ ಕೆಳಗಿದೆ, ಸುತ್ತ ಗಟ್ಟಿ ಚೀಲ ಇದೆ, ಮೇಲಿಂದ ಈ ‘ತುಟಿ’ ನಿರ್ವಾತ ಹಿಡಿದುಕೊಂಡು ಕೂತಿರುತ್ತದೆ. 1939ರಲ್ಲಿ ಟಕಾಗಿ ನಾಲ್ಕು ರೋಗಿಗಳ ಸೊಂಟದ ಕೀಲು ನೋಡಿದ ವರದಿ ಕೊಟ್ಟರು. ಅಷ್ಟೇ. ಅಲ್ಲಿಂದ ಮುಂದೆ ಯುದ್ಧ. ಸುಮಾರು ನಾಲ್ಕು ದಶಕ ಈ ಕೀಲಿನ ಮಟ್ಟಿಗೆ ಹೆಚ್ಚೇನೂ ನಡೆಯಲಿಲ್ಲ.

ಮಂಡಿ ಮಾತ್ರ ಮುಂದೆ ಓಡಿತು. ಟಕಾಗಿಯ ಶಿಷ್ಯ ಮಸಾಕಿ ವಟನಾಬೆ ಯುದ್ಧದ ನಂತರ ಒಂದಾದ ಮೇಲೊಂದು ದುರ್ಬೀನು ಮಾಡುತ್ತಾ ಹೋಗಿ, 1950ರ ದಶಕದ ಕೊನೆಗೆ ‘ನಂಬರ್ 21’ ಎಂಬ ಮಾಡೆಲ್ ತಂದರು. 1962ರಲ್ಲಿ ಅದೇ ದಾರಿಯಲ್ಲಿ ಮೆನಿಸ್ಕಸ್ಸಿನ ಹರಿದ ಭಾಗವನ್ನಷ್ಟೇ ತೆಗೆದರು. 1964ರಲ್ಲಿ ಟೋಕಿಯೋಗೆ ಹೋಗಿದ್ದ ಕೆನಡಾದ ರಾಬರ್ಟ್ ಜ್ಯಾಕ್ಸನ್ ವಟನಾಬೆಯವರಿಂದ ವಿದ್ಯೆ ಕಲಿತು ಉತ್ತರ ಅಮೆರಿಕಕ್ಕೆ ಒಯ್ದರು.

ಸೊಂಟದ ಸರದಿ ಬಂದಿದ್ದು 1977ರಲ್ಲಿ, ರಿಚರ್ಡ್ ಗ್ರಾಸ್ ಮಕ್ಕಳ ಸೊಂಟದ ಕೀಲಿನಲ್ಲಿ ಮಾಡಿದ ಆರ್ಥ್ರೋಸ್ಕೋಪಿಯೊಂದಿಗೆ. 1986ರಲ್ಲಿ ಜಪಾನಿನ ಸುಜುಕಿ ಮತ್ತಿತರರು ಹರಿದ ಲೇಬ್ರಮ್ಮನ್ನು ದುರ್ಬೀನಿನಲ್ಲೇ ಪತ್ತೆ ಮಾಡಿದ್ದನ್ನು ವರದಿ ಮಾಡಿದರು. ಸ್ಯಾನ್ ಫ್ರಾನ್ಸಿಸ್ಕೋದ ಜೇಮ್ಸ್ ಗ್ಲಿಕ್ ರೋಗಿಯನ್ನು ಮಗ್ಗುಲಾಗಿ ಮಲಗಿಸಿ ಮಾಡುವ ವಿಧಾನವನ್ನು 1987ರಲ್ಲಿ ಪ್ರಕಟಿಸಿದರು. ನ್ಯಾಶ್‌ವಿಲ್‌ನ ಥಾಮಸ್ ಬರ್ಡ್ 1990ರ ದಶಕದಲ್ಲಿ ಅಂಗಾತ ಮಲಗಿಸಿ ಮಾಡುವ ವಿಧಾನ ರೂಢಿಗೆ ತಂದರು. ಎರಡರ ಗುಟ್ಟೂ ಒಂದೇ. ಅರಿವಳಿಕೆ ಕೊಟ್ಟು, ಕಾಲನ್ನು ಯಂತ್ರಕ್ಕೆ ಕಟ್ಟಿ ಎಳೆದು, ಗುಂಡು-ಬಟ್ಟಲಿನ ನಡುವೆ ಸುಮಾರು ಒಂದು ಸೆಂಟಿಮೀಟರ್ ಸಂದು ಮಾಡುವುದು. ಬರ್ಮನ್‌ಗೆ ತೂರಿಸಲಾಗದ ಸೂಜಿ ತೂರುವುದು ಆ ಒಂದು ಸೆಂಟಿಮೀಟರಿನಲ್ಲಿ!

ಆದರೆ ಒಳಗೆ ಹೋದಮೇಲೂ ಮಾಡುತ್ತಿದ್ದದ್ದು? ಹರಿದ ತುಟಿಯನ್ನು ಸವರಿ ಕತ್ತರಿಸುವುದು. ಯಾಕೆ ಹರಿಯಿತು ಅಂತ ಕೇಳಿದವರು ಕಡಿಮೆ.

ಒಬ್ಬ ಕೇಳಿದ್ದ, ಎಲ್ಲರೂ ಮರೆತಿದ್ದರು

ಕೇಳಿದ್ದವರಲ್ಲಿ ಒಬ್ಬರು ಬೋಸ್ಟನ್ನಿನ ಮಾರಿಯಸ್ ಸ್ಮಿತ್-ಪೀಟರ್ಸನ್. 1936ರಲ್ಲೇ! ತೊಡೆಮೂಳೆಯ ಕತ್ತು ಬಟ್ಟಲಿನ ಮುಂದಿನ ಅಂಚಿಗೆ ಹೋಗಿ ತಾಗುತ್ತಿದೆ, ಅದರಿಂದಲೇ ನೋವು ಎಂದು ಗುರುತಿಸಿ, ಅಂಚನ್ನು ಕೆತ್ತಿ ತೆಗೆಯುವ ಆಪರೇಷನ್ ಮಾಡಿ ಬರೆದಿದ್ದರು. ಆದರೆ ಅವರು ಗಟ್ಟಿಯಾಗಿ ಹಿಡಿದದ್ದು ಬೇರೆ ದಾರಿ. ಮೂಳೆಯ ಗುಂಡಿಗೆ ಟೋಪಿಯಂಥ ಅಚ್ಚು ಹಾಕುವುದು. ಮೊದಲು ಗಾಜಿನದು, 1938ರಿಂದ ವೈಟಾಲಿಯಂ ಎಂಬ ಮಿಶ್ರಲೋಹದ್ದು.

ಅದೇ ದಾರಿಯ ಮುಂದಿನ ಊರು, ಪೂರ್ತಿ ಕೀಲನ್ನೇ ಬದಲಿಸುವುದು. ಇಂಗ್ಲೆಂಡಿನ ರೈಟಿಂಗ್ಟನ್ ಆಸ್ಪತ್ರೆಯಲ್ಲಿ ಜಾನ್ ಚಾರ್ನ್‌ಲಿ ಮೊದಲು ಟೆಫ್ಲಾನ್ ಬಟ್ಟಲು ಬಳಸಿ ಕೈಸುಟ್ಟುಕೊಂಡು, 1962ರಲ್ಲಿ ಪಾಲಿಎಥಿಲೀನ್ ಬಟ್ಟಲು ಮತ್ತು ಲೋಹದ ಗುಂಡು ಹಾಕಿದರು. ಹಾಸಿಗೆ ಹಿಡಿದಿದ್ದವರು ಎದ್ದು ನಡೆದರು. 2007ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಇದನ್ನು ಶತಮಾನದ ಆಪರೇಷನ್ ಅಂತಲೇ ಕರೆದರು.

ನನಗನ್ನಿಸುವ ಹಾಗೆ, ಈ ಯಶಸ್ಸೇ ಆ ಹಳೆಯ ಪ್ರಶ್ನೆಯನ್ನು ಮುಚ್ಚಿಹಾಕಿತು. ಸವೆದ ಕೀಲನ್ನು ಇಷ್ಟು ಚೆನ್ನಾಗಿ ಬದಲಿಸಬಹುದಾದರೆ, ಯಾಕೆ ಸವೆಯಿತು ಅಂತ ತಲೆಕೆಡಿಸಿಕೊಳ್ಳುವವರು ಯಾರು? ಆಗಾಗ ಸುಳಿವು ಸಿಗುತ್ತಲೇ ಇತ್ತು. 1965ರಲ್ಲಿ ಬ್ರಿಟನ್ನಿನ ಮರ್ರೆ, 1975ರಲ್ಲಿ ಅಮೆರಿಕದ ಸ್ಟುಲ್ಬರ್ಗ್, ಸವೆದ ಕೀಲುಗಳ ಎಕ್ಸ್-ರೇಯಲ್ಲಿ ತೊಡೆಮೂಳೆಯ ತುದಿ ಗುಂಡಗಿರದೆ ಪಿಸ್ತೂಲಿನ ಹಿಡಿಯಂತೆ ಕಾಣುತ್ತದೆ ಎಂದು ಗಮನಿಸಿದ್ದರು. ಅಷ್ಟಕ್ಕೇ ನಿಂತಿತು.

ಆದರೆ ಕೀಲು ಬದಲಾವಣೆ ಎಪ್ಪತ್ತರ ಅಜ್ಜಿಗೆ ವರ. ಇಪ್ಪತ್ತೈದರ ಹುಡುಗನಿಗೆ? 2019ರಲ್ಲಿ ಲ್ಯಾನ್ಸೆಟ್‌ನಲ್ಲಿ ಬಂದ ದೊಡ್ಡ ವಿಶ್ಲೇಷಣೆಯ ಪ್ರಕಾರ ಬದಲಿಸಿದ ಸೊಂಟದ ಕೀಲುಗಳಲ್ಲಿ ಸುಮಾರು 58% ಮಾತ್ರ 25 ವರ್ಷ ಬಾಳುತ್ತವೆ. ಇಪ್ಪತ್ತೈದಕ್ಕೆ ಹಾಕಿಸಿಕೊಂಡರೆ ಐವತ್ತಕ್ಕೆ ಮತ್ತೆ ಅದೇ ಪಾಡು ಬರುವ ಸಂಭವ ಕಡಿಮೆಯೇನಲ್ಲ. ಎಳೆಯರ ಸ್ವಂತ ಕೀಲನ್ನು ಉಳಿಸಿಕೊಡುವುದು ಹೇಗೆ ಎಂಬುದು ಅದಕ್ಕೇ ಬೇರೆಯದೇ ಪ್ರಶ್ನೆ.

ಬರ್ನ್‌ನಲ್ಲಿ ಸಿಕ್ಕ ‘ಬಗ್’

ಆ ಪ್ರಶ್ನೆಯನ್ನು ಹಿಡಿದು ಕೂತವರು ಸ್ವಿಟ್ಜರ್ಲೆಂಡಿನ ಬರ್ನ್ ಊರಿನ ರೈನ್‌ಹೋಲ್ಡ್ ಗಾಂಜ್. ಬಟ್ಟಲು ಆಳವಿಲ್ಲದೆ ಹುಟ್ಟಿದವರಿಗೆ, ಸೊಂಟದ ಮೂಳೆಯನ್ನು ಬಟ್ಟಲಿನ ಸುತ್ತ ಕತ್ತರಿಸಿ, ಬಟ್ಟಲನ್ನೇ ಗುಂಡಿನ ಮೇಲೆ ಸರಿಯಾಗಿ ತಿರುಗಿಸಿ ಕೂರಿಸುವ ಆಪರೇಷನ್ ಒಂದನ್ನು ಅವರ ತಂಡ 1984ರಲ್ಲಿ ಶುರು ಮಾಡಿತ್ತು. ಫಲಿತಾಂಶ ಚೆನ್ನಾಗಿತ್ತು. ಆದರೆ ಕೆಲವರಿಗೆ ಆಮೇಲೆ ಹೊಸದಾಗಿ ತೊಡೆಸಂದಿಯಲ್ಲಿ ನೋವು! ನೋಡಿದರೆ, ತಿರುಗಿಸಿದ ಬಟ್ಟಲಿನ ಅಂಚು ಈಗ ಮುಂದಕ್ಕೆ ಬಂದು, ಕಾಲು ಮಡಚಿದಾಗ ತೊಡೆಮೂಳೆಯ ಕತ್ತಿಗೆ ತಾಗುತ್ತಿತ್ತು. 1999ರಲ್ಲಿ ಇದನ್ನು ಮುಚ್ಚಿಡದೆ ಪ್ರಕಟಿಸಿದರು.

ನಮ್ಮ ಸಾಫ್ಟ್‌ವೇರ್ ಭಾಷೆಯಲ್ಲಿ ಇದು ರಿಗ್ರೆಶನ್ ಬಗ್. ಒಂದನ್ನು ಸರಿ ಮಾಡಲು ಹೋಗಿ ಇನ್ನೊಂದು ಎದ್ದಿತು. ಆದರೆ ಗಾಂಜ್ ತಂಡ ಕೇಳಿದ ಮುಂದಿನ ಪ್ರಶ್ನೆಯೇ ಇಡೀ ಕಥೆಯ ತಿರುವು. ನಾವು ಮಾಡಿದ ಬದಲಾವಣೆಯಿಂದ ಹೀಗೆ ತಾಗುವುದಾದರೆ, ಹುಟ್ಟಿನಿಂದಲೋ ಬೆಳವಣಿಗೆಯಿಂದಲೋ ಮೂಳೆ ಇದೇ ಆಕಾರದಲ್ಲಿ ಇರುವವರ ಗತಿ?

ನೋಡಲು ಕೀಲನ್ನು ಪೂರ್ತಿ ತೆರೆಯಬೇಕು. ಗುಂಡನ್ನು ಬಟ್ಟಲಿನಿಂದ ಹೊರತೆಗೆದರೆ ಅದಕ್ಕೆ ರಕ್ತ ಕೊಡುವ ನಾಳ ತುಂಡಾಗಿ ಮೂಳೆ ಸಾಯುತ್ತದೆ ಎಂಬ ಭಯ ಎಲ್ಲರಿಗೂ ಇತ್ತು. ಗಾಂಜ್ ತಂಡ ಆ ರಕ್ತನಾಳದ ದಾರಿಯನ್ನು ನಿಖರವಾಗಿ ಗುರುತಿಸಿ, ಅದನ್ನು ಕಾಪಾಡಿಕೊಂಡೇ ಗುಂಡನ್ನು ಹೊರತೆಗೆಯುವ ವಿಧಾನ ಕಂಡುಕೊಂಡಿತು. 2001ರಲ್ಲಿ ಹಾಗೆ ಮಾಡಿದ 213 ಕೀಲುಗಳ ವರದಿ ಬಂತು. ಒಂದರಲ್ಲೂ ಗುಂಡು ಸತ್ತಿರಲಿಲ್ಲ!

2003ರಲ್ಲಿ, 600ಕ್ಕೂ ಹೆಚ್ಚು ಕೀಲುಗಳನ್ನು ಹೀಗೆ ಕಣ್ಣಾರೆ ನೋಡಿದ ಅನುಭವದ ಮೇಲೆ ಗಾಂಜ್ ಮತ್ತು ಸಂಗಡಿಗರು ಬರೆದ ಲೇಖನ ಮೂಳೆ ಡಾಕ್ಟರುಗಳ ಜಗತ್ತನ್ನೇ ಅಲ್ಲಾಡಿಸಿತು. ತಾಗುವಿಕೆ ಎರಡು ಬಗೆ. ಗುಂಡು ಪೂರ್ತಿ ಗುಂಡಗಿಲ್ಲದೆ ಎಂಜಿನ್ನಿನ ಕ್ಯಾಮ್‌ನಂತೆ ಉಬ್ಬಿದ್ದರೆ ‘ಕ್ಯಾಮ್’. ಬಟ್ಟಲಿನ ಅಂಚು ಅತಿಯಾಗಿ ಚಾಚಿ ಇಕ್ಕಳದಂತೆ ಹಿಡಿದರೆ ‘ಪಿನ್ಸರ್’. ಎರಡರಲ್ಲೂ ಪ್ರತಿ ಸಲ ಕಾಲು ಮಡಚಿದಾಗ ನಡುವೆ ಸಿಕ್ಕಿ ನಜ್ಜುಗುಜ್ಜಾಗುವುದು ಆ ತುಟಿ. ಕ್ಯಾಮ್ ಆದರೆ ತುಟಿಯ ಪಕ್ಕದ ಮೃದ್ವಸ್ಥಿಯೂ ಕಿತ್ತುಬರುತ್ತದೆ. ಅಂದರೆ ಲೇಬ್ರಮ್ ಹರಿಯುವುದು ರೋಗವಲ್ಲ, ರೋಗದ ಲಕ್ಷಣ. ಮೂಳೆಯ ಉಬ್ಬು ತೆಗೆಯದೆ ತುಟಿಯೊಂದನ್ನೇ ಸವರಿದರೆ ಅದು ಮೂಲಕ್ಕೆ ಮುಟ್ಟದ ಪ್ಯಾಚ್ ಅಷ್ಟೇ.

ಹೊಲಿಗೆಯ ಕಾಲ

ತುಟಿಗೆ ಕೆಲಸ ಇದೆ ಅಂತ ಫರ್ಗ್ಯುಸನ್ ತೋರಿಸಿದ್ದರು. ತುಟಿ ಯಾಕೆ ಹರಿಯುತ್ತದೆ ಅಂತ ಗಾಂಜ್ ತೋರಿಸಿದರು. ಇನ್ನು ಕತ್ತರಿಸುವುದೇಕೆ, ವಾಪಸ್ ಹೊಲಿಯೋಣ ಎಂಬ ಯೋಚನೆ ಬಂತು. ಮೂಳೆಯ ಅಂಚಿಗೆ ಪುಟ್ಟ ಗೂಟ ಹೊಡೆದು, ಅದಕ್ಕೆ ಕಟ್ಟಿದ ದಾರದಿಂದ ತುಟಿಯನ್ನು ಅದರ ಜಾಗಕ್ಕೆ ಬಿಗಿಯುವುದು. ಕೀಲಿನ ಚೀಲದ ಕಡೆಯಿಂದ ತುಟಿಗೆ ರಕ್ತ ಹರಿಯುವುದರಿಂದ ಅದು ಮತ್ತೆ ಕೂಡಿಕೊಳ್ಳುವ ಆಸೆಯೂ ಇತ್ತು.

2006ರಲ್ಲಿ ಬರ್ನ್‌ನಿಂದಲೇ ಎಸ್ಪಿನೋಸಾ ಮತ್ತಿತರರ ವರದಿ ಬಂತು. 52 ರೋಗಿಗಳು, 60 ಕೀಲುಗಳು, ಎಲ್ಲವೂ ತೆರೆದು ಮಾಡಿದ ಆಪರೇಷನ್. ಮೊದಲ 25 ಕೀಲುಗಳಲ್ಲಿ ಹರಿದ ತುಟಿಯನ್ನು ಕತ್ತರಿಸಿದ್ದರು, ನಂತರದ 35ರಲ್ಲಿ ಮತ್ತೆ ಕಟ್ಟಿದ್ದರು. ಎರಡು ವರ್ಷಕ್ಕೆ ‘ಅತ್ಯುತ್ತಮ’ ಫಲಿತಾಂಶ ಕತ್ತರಿಸಿದವರಲ್ಲಿ 28%, ಕಟ್ಟಿದವರಲ್ಲಿ 80%. ಇಂಥ ಅಂಕಿ ಕಂಡರೆ ಯಾರು ತಾನೆ ಕತ್ತರಿ ಹಿಡಿದಾರು? ಅಮೆರಿಕದ ಕೊಲೊರಾಡೋದ ವೇಲ್ ಪಟ್ಟಣದಲ್ಲಿ ಮಾರ್ಕ್ ಫಿಲಿಪ್ಪನ್ ಮತ್ತಿತರರು ಇದೇ ಕೆಲಸವನ್ನು ದುರ್ಬೀನಿನ ತೂತುಗಳ ಮೂಲಕ ಮಾಡುವುದನ್ನು ಬೆಳೆಸಿದರು. ಆಟಗಾರರು ಸಾಲುಗಟ್ಟಿದರು. ಆಪರೇಷನ್ನು ಜಗತ್ತಿನ ತುಂಬ ಹರಡಿತು.

ಹತ್ತು ವರ್ಷದ ಮೇಲೆ ನೋಡಿದರೆ...

ಈಗ ಬರೋಣ ಅಸಲು ವಿಷಯಕ್ಕೆ. ಎರಡು ವರ್ಷದ ಫಲಿತಾಂಶ ಟ್ರೇಲರ್ ಇದ್ದ ಹಾಗೆ. ಇಪ್ಪತ್ತೈದರ ಹುಡುಗನಿಗೆ ಬೇಕಾದ್ದು ಪೂರ್ತಿ ಸಿನಿಮಾ.

ಮೊದಲ ಹತ್ತು ವರ್ಷದ ಲೆಕ್ಕಗಳಲ್ಲೊಂದು 2009ರಲ್ಲಿ ಥಾಮಸ್ ಬರ್ಡ್ ಕೊಟ್ಟದ್ದು. ಇದು ಹೊಲಿಗೆಗೂ ಮುಂಚಿನ, ಸವರುವ ಕಾಲದ ರೋಗಿಗಳದ್ದು. ಒಟ್ಟು 26 ಜನ, ಒಬ್ಬರನ್ನೂ ಬಿಡದೆ ಹತ್ತು ವರ್ಷ ಹಿಂಬಾಲಿಸಿದ್ದರು. ಆಪರೇಷನ್ ದಿನವೇ ಕೀಲು ಸವೆದಿರದಿದ್ದ 18 ಜನರಲ್ಲಿ 15 ಮಂದಿ ಹತ್ತು ವರ್ಷದ ಮೇಲೂ ಮೊದಲಿಗಿಂತ ಚೆನ್ನಾಗಿದ್ದರು. ಅವತ್ತೇ ಸವೆದಿದ್ದ 8 ಜನರಲ್ಲಿ 7 ಮಂದಿ ಕೀಲು ಬದಲಿಸಿಕೊಂಡಾಗಿತ್ತು. ಗಮನಿಸಿ, ಇವರಲ್ಲಿ ತುಟಿಯನ್ನು ಹೊಲಿದಿರಲಿಲ್ಲ!

ಹಾಗಾದರೆ ಹೊಲಿದವರು? 2017ರಲ್ಲಿ ವೇಲ್‌ನಿಂದ ಫಿಲಿಪ್ಪನ್ ತಂಡದ ಹತ್ತು ವರ್ಷದ ವರದಿ ಬಂತು. 145 ರೋಗಿಗಳು, 154 ಕೀಲುಗಳು. 79ರಲ್ಲಿ ಹೊಲಿಗೆ, 75ರಲ್ಲಿ ಸವರುವಿಕೆ. ಹತ್ತು ವರ್ಷದೊಳಗೆ 50 ಜನ, ಅಂದರೆ 34% ಮಂದಿ ಕೀಲು ಬದಲಿಸಿಕೊಂಡಿದ್ದರು. ಮೂವರಲ್ಲಿ ಒಬ್ಬರು. ಹೊಲಿಗೆಗೂ ಸವರುವಿಕೆಗೂ? ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ವ್ಯತ್ಯಾಸ ಮಾಡಿದ್ದು ಬೇರೆಯವು. ವಯಸ್ಸು ಹೆಚ್ಚಿದ್ದವರು, ಆಪರೇಷನ್‌ಗೆ ಮುಂಚೆಯೇ ಎಕ್ಸ್-ರೇಯಲ್ಲಿ ಕೀಲಿನ ಸಂದು 2 ಮಿಲಿಮೀಟರ್ ಅಥವಾ ಕಡಿಮೆ ಇದ್ದವರು, ಮೃದ್ವಸ್ಥಿ ಕಿತ್ತುಹೋಗಿ ಮೂಳೆಗೇ ತೂತು ಕೊರೆಯಬೇಕಾಗಿ ಬಂದವರು, ಇವರೇ ಹೆಚ್ಚಾಗಿ ಕೀಲು ಬದಲಿಸಿಕೊಂಡವರು.

ಹಾಗಂತ ‘ಹೊಲಿಗೆ ದಂಡ’ ಅಂತ ಹಾರಿಬೀಳಬೇಡಿ. ಯಾರಿಗೆ ಹೊಲಿಯಬೇಕು, ಯಾರಿಗೆ ಸವರಬೇಕು ಎಂಬುದನ್ನು ಇಲ್ಲಿ ಚೀಟಿ ಎತ್ತಿ ನಿರ್ಧರಿಸಿರಲಿಲ್ಲ. ಚೀಟಿ ಎತ್ತುವ ಹಾಗೆ ಮಾಡಿದ ಒಂದು ಸಣ್ಣ ಅಧ್ಯಯನ 2013ರಲ್ಲಿ ಬಂದಿತ್ತು, 36 ಮಹಿಳೆಯರದ್ದು. ಅದರಲ್ಲಿ ಹೊಲಿಸಿಕೊಂಡವರೇ ಮೇಲಿದ್ದರು, ಆದರೆ ಅದು ಹತ್ತು ವರ್ಷದ ಲೆಕ್ಕವಲ್ಲ. ಹೊಲಿಯಬಹುದಾದ ತುಟಿಯನ್ನು ಹೊಲಿಯುವುದು ಇವತ್ತಿಗೂ ಸರಿಯಾದ ದಾರಿ ಅಂತಲೇ ಹೆಚ್ಚಿನ ಸರ್ಜನ್ನರ ಮತ. ಆದರೆ ಬರ್ಡ್ ಲೆಕ್ಕ, ಫಿಲಿಪ್ಪನ್ ಲೆಕ್ಕ ಎರಡನ್ನೂ ಪಕ್ಕಪಕ್ಕ ಇಟ್ಟರೆ ಒಂದು ಮಾತು ಎದ್ದು ಕಾಣುತ್ತದೆ. ಹತ್ತು ವರ್ಷ ಕೀಲು ಬಾಳುತ್ತದೋ ಇಲ್ಲವೋ ಎಂಬುದನ್ನು ಹೊಲಿಗೆಯ ದಾರಕ್ಕಿಂತ ಹೆಚ್ಚಾಗಿ, ಹೊಲಿಯಲು ಹೋದ ದಿನ ಮೃದ್ವಸ್ಥಿ ಎಷ್ಟು ಉಳಿದಿತ್ತು ಎಂಬುದೇ ನಿರ್ಧರಿಸುತ್ತದೆ. ಗ್ಯಾಸ್ಕೆಟ್ ಹೊಸದು ಹಾಕಬಹುದು, ಕುಕ್ಕರಿನ ತಳವೇ ತೂತಾಗಿದ್ದರೆ?

ಆಪರೇಷನ್ ಬೇಕೇ ಬೇಕಾ?

ಇನ್ನೊಂದು ಪ್ರಶ್ನೆ ಬಾಕಿ ಇತ್ತು. ವ್ಯಾಯಾಮ, ಫಿಸಿಯೋಥೆರಪಿಗಿಂತ ಆಪರೇಷನ್ ಮೇಲೇ? ಇದಕ್ಕೆ ಚೀಟಿ ಎತ್ತಿ ನೋಡಿದ ದೊಡ್ಡ ಪರೀಕ್ಷೆ ನಡೆದದ್ದು ಬ್ರಿಟನ್ನಿನಲ್ಲಿ. 23 ಸರ್ಕಾರಿ ಆಸ್ಪತ್ರೆಗಳು, 348 ರೋಗಿಗಳು, 2018ರಲ್ಲಿ ಲ್ಯಾನ್ಸೆಟ್‌ನಲ್ಲಿ ಪ್ರಕಟ. ನೂರಕ್ಕೆ ಅಂಕ ಕೊಡುವ ಒಂದು ಅಳತೆಯಲ್ಲಿ, ಒಂದು ವರ್ಷಕ್ಕೆ ಆಪರೇಷನ್ ಗುಂಪು 39ರಿಂದ 59ಕ್ಕೆ, ಫಿಸಿಯೋ ಗುಂಪು 36ರಿಂದ 50ಕ್ಕೆ ಏರಿತು. ಶುರುವಿನ ಅಂಕದ ವ್ಯತ್ಯಾಸ ಸರಿದೂಗಿಸಿದರೆ ಆಪರೇಷನ್ ಕಡೆಗೆ 6.8 ಅಂಕ ಹೆಚ್ಚು. 2019ರಲ್ಲಿ 222 ಜನರ ಇನ್ನೊಂದು ಬ್ರಿಟಿಷ್ ಪರೀಕ್ಷೆಯೂ ಆಪರೇಷನ್ ಪರವಾಗಿಯೇ ಬಂತು. ಎರಡನ್ನೂ ಗಮನಿಸಿ: ಆಪರೇಷನ್ ಗೆದ್ದಿದೆ, ಆದರೆ ಫಿಸಿಯೋದಲ್ಲೂ ಜನ ಸುಧಾರಿಸಿದ್ದಾರೆ.

ನೋವು ಕಡಿಮೆಯಾಗುವುದು ಒಂದು. ಕೀಲು ಸವೆಯುವುದನ್ನು ತಡೆಯುವುದು ಇನ್ನೊಂದು. 2003ರ ಗಾಂಜ್ ಲೇಖನ ಹುಟ್ಟಿಸಿದ ದೊಡ್ಡ ಆಸೆ ಎರಡನೆಯದು. 2021ರಲ್ಲಿ ಪ್ರಕಟವಾದ ಆಸ್ಟ್ರೇಲಿಯಾದ 99 ಜನರ ಪರೀಕ್ಷೆ ಎಂ.ಆರ್.ಐ. ಮೂಲಕ ಮೃದ್ವಸ್ಥಿಯ ಗುಣವನ್ನೇ ಅಳೆಯಿತು. ಒಂದು ವರ್ಷಕ್ಕೆ ನೋವು-ಓಡಾಟದಲ್ಲಿ ಆಪರೇಷನ್ ಗುಂಪು ಮೇಲಿತ್ತು, ಮೃದ್ವಸ್ಥಿಯಲ್ಲಿ ಮಾತ್ರ ಆಪರೇಷನ್ನಿನಿಂದ ಲಾಭ ಕಾಣಲಿಲ್ಲ. ಒಂದು ವರ್ಷ ಚಿಕ್ಕ ಅವಧಿ, ನಿಜ. ಆದರೆ ‘ಈಗ ಹೊಲಿಸಿಕೊಂಡರೆ ಮುಂದೆ ಸವೆಯಲ್ಲ’ ಎಂಬ ಮಾತು ಇನ್ನೂ ಆಸೆಯೇ, ರುಜುವಾತಲ್ಲ.

ಮತ್ತೊಂದು ಎಚ್ಚರಿಕೆ. 2012ರಲ್ಲಿ ಅಮೆರಿಕದಲ್ಲಿ ಸೊಂಟದ ನೋವೇ ಇಲ್ಲದ 45 ಜನರಿಗೆ ಎಂ.ಆರ್.ಐ. ಮಾಡಿ ನೋಡಿದಾಗ 69% ಮಂದಿಗೆ ಲೇಬ್ರಮ್ ಹರಿದಿರುವುದು ಕಂಡಿತು! ರಿಪೋರ್ಟಿನಲ್ಲಿ ‘ಹರಿದಿದೆ’ ಅಂತ ಬಂದ ಮಾತ್ರಕ್ಕೆ ನಿಮ್ಮ ನೋವಿಗೆ ಅದೇ ಕಾರಣ ಅಂತಲ್ಲ. ಎಲ್ಲ ವಾರ್ನಿಂಗೂ ಎರರ್ ಅಲ್ಲ ಅಂತ ಕೋಡ್ ಬರೆಯುವವರಿಗೆ ಬೇರೆ ಹೇಳಬೇಕಿಲ್ಲ :)

ಕೊನೆಗೆ ಏನು?

ಆಂಡಿ ಮರ್ರೆಯ ಕಥೆ ಎಲ್ಲರೂ ಓದಿರುತ್ತೀರಿ. 2018ರ ಜನವರಿಯಲ್ಲಿ ಮೆಲ್ಬರ್ನ್‌ನಲ್ಲಿ ಸೊಂಟಕ್ಕೆ ಆರ್ಥ್ರೋಸ್ಕೋಪಿ. ವರ್ಷ ಕಳೆದರೂ ಶೂ ಹಾಕಿಕೊಳ್ಳುವುದೂ ಕಷ್ಟ. 2019ರ ಜನವರಿಯಲ್ಲಿ ಲಂಡನ್ನಿನಲ್ಲಿ ಮೂಳೆಯ ಗುಂಡಿಗೆ ಲೋಹದ ಟೋಪಿ ಹಾಕಿಸಿಕೊಂಡ. ಅದೇ ಅಕ್ಟೋಬರ್‌ನಲ್ಲಿ ಆಂಟ್‌ವರ್ಪ್‌ನಲ್ಲಿ ಪ್ರಶಸ್ತಿ ಗೆದ್ದ. 2024ರ ಪ್ಯಾರಿಸ್ ಒಲಿಂಪಿಕ್ಸ್‌ವರೆಗೂ ಆಡಿದ. 1938ರ ಸ್ಮಿತ್-ಪೀಟರ್ಸನ್ ಟೋಪಿಯ ಮೊಮ್ಮಗ ಅದು ಅಂತ ನನಗೆ ಅನ್ನಿಸುತ್ತದೆ. ಉಳಿಸುವ ದಾರಿ ಮುಗಿದಾಗ ಬದಲಿಸುವ ದಾರಿ ಇದೆ ಅನ್ನುವುದೂ ಈ ಇತಿಹಾಸದ ಒಂದು ಭಾಗವೇ.

ಲೇಬ್ರಮ್ ಹರಿದಿದೆ, ಹೊಲಿಯಬೇಕು ಅಂತ ಯಾರಿಗಾದರೂ ಹೇಳಿದ್ದರೆ, ಈ ನೂರು ವರ್ಷದ ಕಥೆಯಿಂದ ಡಾಕ್ಟರಿಗೆ ಕೇಳಬಹುದಾದ ಪ್ರಶ್ನೆಗಳು ನಾಲ್ಕು. ಒಂದು, ನೋವು ಬರುತ್ತಿರುವುದು ಈ ಹರಿದ ಜಾಗದಿಂದಲೇ ಅಂತ ಹೇಗೆ ಖಾತ್ರಿ? ಎರಡು, ಕೀಲಿನ ಸಂದು ಎಷ್ಟು ಮಿಲಿಮೀಟರ್ ಉಳಿದಿದೆ? ಮೂರು, ಮೂಳೆಯ ಉಬ್ಬನ್ನೂ ಸರಿ ಮಾಡುತ್ತೀರಾ ಅಥವಾ ತುಟಿಯನ್ನಷ್ಟೇನಾ? ನಾಲ್ಕು, ಕೆಲವು ತಿಂಗಳು ಸರಿಯಾದ ಫಿಸಿಯೋಥೆರಪಿ ಮಾಡಿ ನೋಡಿದ್ದೀವಾ? ಸಂದು ಚೆನ್ನಾಗಿದ್ದು, ನೋವಿನ ಮೂಲ ಖಾತ್ರಿಯಾಗಿದ್ದರೆ ಹೊಲಿಗೆಗೆ ಬೆಲೆ ಇದೆ. ಸಂದೇ ಹೋಗಿದ್ದರೆ ಎಷ್ಟು ಚೆಂದ ಹೊಲಿದರೂ ಕಷ್ಟ.

‘ಉಪಯೋಗವಿಲ್ಲ’ ಅಂತ ಅಂದುಕೊಂಡು ಬಿಸಾಕಿದ ತುಂಡಿಗೆ ಕೆಲಸ ಇತ್ತು ಅಂತ ತಿಳಿಯಲು ಮಂಡಿಗೆ ಅರ್ಧ ಶತಮಾನ ಹಿಡಿಯಿತು, ಸೊಂಟಕ್ಕೆ ಅದಕ್ಕಿಂತ ಹೆಚ್ಚು. ಹೊಲಿದದ್ದು ಎಷ್ಟು ಬಾಳುತ್ತದೆ ಅಂತ ತಿಳಿಯಲು ಕೂತು ಕಾಯುವುದು ಬಿಟ್ಟು ಬೇರೆ ದಾರಿಯಿಲ್ಲ. ಹತ್ತು ವರ್ಷದ ಉತ್ತರ ಬಂದಿದೆ, ಇಪ್ಪತ್ತರದು, ಮೂವತ್ತರದು ಬರಬೇಕು. ನನಗೆ ಮೆಚ್ಚುಗೆಯಾಗಿದ್ದು ತಮ್ಮದೇ ಆಪರೇಷನ್ನಿನ ದೋಷವನ್ನು 1999ರಲ್ಲಿ ಬರೆದು ಹೇಳಿದ ಬರ್ನ್‌ನ ತಂಡ, ಮತ್ತು ತಮ್ಮದೇ ರೋಗಿಗಳಲ್ಲಿ ಮೂವರಿಗೊಬ್ಬರು ಕೀಲು ಬದಲಿಸಿಕೊಂಡರು ಅಂತ 2017ರಲ್ಲಿ ಲೆಕ್ಕ ಕೊಟ್ಟ ವೇಲ್‌ನ ತಂಡ. ಅಂಥ ಲೆಕ್ಕ ಇದ್ದದ್ದರಿಂದಲೇ ಮುಂದಿನವರು ಯಾರಿಗೆ ಹೊಲಿಯಬೇಕು, ಯಾರಿಗೆ ಬೇಡ ಅಂತ ಹೇಳುವ ಹಾಗಾಗಿದೆ.

ನಿಮ್ಮಲ್ಲಿ ಮೂಳೆ ಡಾಕ್ಟರುಗಳೋ, ಫಿಸಿಯೋಥೆರಪಿಸ್ಟುಗಳೋ ಇದ್ದರೆ, ಅಥವಾ ಈ ಆಪರೇಷನ್ ಆಗಿ ಹತ್ತು ವರ್ಷ ದಾಟಿದವರು ಯಾರಾದರೂ ಇದ್ದರೆ, ಹೇಗಿದ್ದೀರಿ ಅಂತ ಕೆಳಗೆ ಒಂದೆರಡು ಸಾಲು ಬರೆಯಿರಿ. ಓದುವ ಕುತೂಹಲ ನನಗಂತೂ ಇದೆ.